ಗೆಳೆಯನಿಗೊಂದು ಪತ್ರ: ಕಾಡನ್ನು ಹುಡುಕಿಕೊಂಡು ಹೋದ ಉಪ್ಪುನೀರು

ಪ್ರೀತಿಯ ಮಂಜು,

ನೀನು ಕಳಿಸಿದ ಫೋಟೋ ನೋಡಿದೆ. ಇದು ಯಾವ ಅರಮನೆ ಅಂತ ಕೇಳಿದ್ದೀಯ. ಅದು ಉಪ್ಪಿನ ಕಾರ್ಖಾನೆ ಮಾರಾಯ! ಪೂರ್ವ ಫ್ರಾನ್ಸಿನ ಆರ್ಕ್-ಎ-ಸೆನಾನ್‌ನಲ್ಲಿದೆ. ಸರ್ಕಾರ ಅಂದರೆ ರಾಜನೇ ಆಗಿದ್ದ ಕಾಲದ್ದು. ಕ್ಲೋದ್-ನಿಕೊಲಾ ಲದೂ ಎಂಬ ವಾಸ್ತುಶಿಲ್ಪಿ 1775ರಿಂದ 1779ರವರೆಗೆ ಕಟ್ಟಿಸಿದ.

ಎಲ್ಲರೂ ಅಲ್ಲಿನ ಕಂಬಗಳನ್ನು ಹೊಗಳುತ್ತಾರೆ. ನನಗೆ ಜಾಸ್ತಿ ಇಷ್ಟವಾಗಿದ್ದು ಪೈಪು. ಆ ಊರಲ್ಲಿ ಉಪ್ಪುನೀರೇ ಇಲ್ಲ ಕಣೋ! ಅದು ಇದ್ದದ್ದು ಸಾಲಾಂ-ಲೆ-ಬ್ಯಾಂ ಎಂಬ ಊರಿನ ನೆಲದಡಿಯಲ್ಲಿ. ಉಪ್ಪು ತೆಗೆಯಲು ಆ ನೀರು ಕಾಯಿಸಿ ಕಾಯಿಸಿ ಅಲ್ಲಿ ಸುತ್ತಲಿನ ಸೌದೆ ಸಾಲದಾಯಿತು. ಆರ್ಕ್-ಎ-ಸೆನಾನ್ ಪಕ್ಕದಲ್ಲಾದರೆ ಶೋ ಎಂಬ ದೊಡ್ಡ ಕಾಡು. ಸೌದೆಯನ್ನು ಗಾಡಿಯಲ್ಲಿ ಸಾಗಿಸುವುದಕ್ಕಿಂತ ನೀರನ್ನೇ ಕಾಡಿನ ಹತ್ತಿರ ಹರಿಸುವುದು ಸುಲಭ ಅಂತ ಲೆಕ್ಕ ಹಾಕಿದರು.

ಮರದ ದಿಮ್ಮಿಗಳ ನಡುವೆ ಉದ್ದಕ್ಕೆ ತೂತು ಕೊರೆದು, ಒಂದಕ್ಕೊಂದು ಜೋಡಿಸಿ, 21 ಕಿಲೋಮೀಟರ್ ಹೂತರು. ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿದು ಬರುತ್ತಿತ್ತು. ಮರದ ಪೈಪು ಅಂದಮೇಲೆ ಸೋರಿಕೆ ಇದ್ದೇ ಇತ್ತು. ನೀರು ಸರಬರಾಜಿನ ಕೆಲಸದಲ್ಲಿರುವ ನಿನಗೆ ಅದನ್ನು ಬಿಡಿಸಿ ಹೇಳಬೇಕಾ? ಆಮೇಲೆ ಎರಕದ ಕಬ್ಬಿಣದ ಪೈಪು ಬಂತು. ಉಪ್ಪುನೀರನ್ನು ಯಾರೂ ಕದಿಯದಂತೆ ದಾರಿಯುದ್ದಕ್ಕೂ ಕಾವಲಿತ್ತು.

ಬಂದ ನೀರು ನೇರ ಒಲೆಗೆ ಹೋಗುತ್ತಿರಲಿಲ್ಲ. ಸುಮಾರು ಅರ್ಧ ಕಿಲೋಮೀಟರ್ ಉದ್ದದ, ಗಾಳಿಗೆ ತೆರೆದ ಮರದ ಕಟ್ಟಡವೊಂದಿತ್ತು. ಅದರ ಮೇಲಿನಿಂದ ನೀರನ್ನು ಹನಿಹನಿಯಾಗಿ ಇಳಿಬಿಡುತ್ತಿದ್ದರು. ಗಾಳಿಗೆ ಒಂದಿಷ್ಟು ನೀರು ಆರಿ, ಉಳಿದ ನೀರಿನಲ್ಲಿ ಉಪ್ಪಿನ ಪ್ರಮಾಣ ಹೆಚ್ಚುತ್ತಿತ್ತು. ಅಷ್ಟು ಸೌದೆ ಉಳಿತಾಯ. ಎಂಥಾ ಚಂದದ ಉಪಾಯ, ಅಲ್ವಾ? ಆ ಕಟ್ಟಡ ಈಗಿಲ್ಲ. ಅದು ಉಳಿಯಬೇಕಿತ್ತು ಅಂತ ನನಗೆ ನಿಜಕ್ಕೂ ಬೇಸರ.

ಇನ್ನು ಕಟ್ಟಡಗಳ ವಿಷಯ. ಲದೂ ಮೊದಲು ಚೌಕಾಕಾರದ ನಕ್ಷೆ ಮಾಡಿದ್ದ. ರಾಜ 15ನೇ ಲೂಯಿ ಒಪ್ಪಲಿಲ್ಲ. ಎರಡನೆಯದು ಅರ್ಧವೃತ್ತ. ನೇರ ಗೆರೆಯ ನಡುವೆ ಕಾರ್ಖಾನೆಯ ನಿರ್ದೇಶಕನ ಮನೆ, ಅದರ ಎರಡೂ ಬದಿಗೆ ಉಪ್ಪು ಕುದಿಸುವ ದೊಡ್ಡ ಕೊಟ್ಟಿಗೆಗಳು. ಕೆಲಸಗಾರರ ಮನೆಗಳು ಎದುರಿನ ಬಾಗಿನಲ್ಲಿ. ನಡುನಡುವೆ ಜಾಗ ಬಿಟ್ಟಿದ್ದರಿಂದ ಬೆಂಕಿ ಬಿದ್ದರೂ ಸುಲಭಕ್ಕೆ ಹಬ್ಬದು. ಫೋಟೋ ದೊಡ್ಡದು ಮಾಡಿ ನಿರ್ದೇಶಕನ ಮನೆಯ ಕಂಬ ನೋಡು. ಒಂದು ದುಂಡು ಕಲ್ಲು, ಅದರ ಮೇಲೊಂದು ಚೌಕ ಕಲ್ಲು, ಮತ್ತೆ ದುಂಡು. ಬಿಸಿಲು ಬಿದ್ದಾಗ ಕಂಬದ ಮೇಲೆಲ್ಲ ನೆರಳಿನ ಪಟ್ಟೆ. ಗೋಡೆಗಳಲ್ಲಿ ಕಲ್ಲಿನ ಹೂಜಿಗಳಿವೆ, ಬಾಯಿಂದ ಕಲ್ಲಿನದೇ ಉಪ್ಪುನೀರು ಸುರಿಯುತ್ತಿದೆ!

ನಿರ್ದೇಶಕನ ಮನೆಯ ನೆತ್ತಿಯಲ್ಲೊಂದು ದುಂಡು ಕಿಟಕಿ ಇದೆ, ಕಣ್ಣಿನ ಹಾಗೆ. ಇಡೀ ಅಂಗಳ ಅದರ ಎದುರಿಗೇ ಬರುತ್ತದೆ. ಉಪ್ಪಿನ ಮೇಲೆ ಗಾಬೆಲ್ ಎಂಬ ಭಾರೀ ತೆರಿಗೆ ಇತ್ತು, ಹಾಗಾಗಿ ಒಂದು ಹಿಡಿ ಉಪ್ಪೂ ಕಾರ್ಖಾನೆಯ ಸುತ್ತಲಿನ ಗೋಡೆಯಾಚೆ ಕದ್ದು ಹೋಗಬಾರದು. ಕೆಲಸಗಾರರು ಸಂಸಾರ ಸಮೇತ ಗೋಡೆಯೊಳಗೇ ಇದ್ದರು. ಸಂಸಾರಕ್ಕೊಂದು ಕೋಣೆ, ಅಡುಗೆಗೆ ಒಂದೊಂದು ಕಟ್ಟಡದಲ್ಲೂ ಎಲ್ಲರಿಗೂ ಸೇರಿ ಒಂದೇ ಒಲೆ. ಹಿತ್ತಲಲ್ಲಿ ತರಕಾರಿ ತೋಟ ಕೊಟ್ಟಿದ್ದನ್ನು ಕೆಲವರು ಲದೂವಿನ ದೊಡ್ಡ ಮನಸ್ಸು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಹೊರಗೆ ಹೋಗುವ ಅಗತ್ಯವೇ ಬೀಳದಂತೆ ಮಾಡಿದ ಏರ್ಪಾಡು ಅದು.

ಕಾರ್ಖಾನೆ 1895ರಲ್ಲಿ ಮುಚ್ಚಿತು. 1982ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಸಾಲಾಂ ಸೇರಿದ್ದು 2009ರಲ್ಲಿ. ಫ್ರಾನ್ಸಿಗೆ ಹೋಗುವ ಯೋಚನೆ ಇದ್ದರೆ ಮೊದಲು ಸಾಲಾಂಗೆ ಹೋಗು. ನೆಲದಡಿಯ ಕಮಾನುಗಳ ಕೆಳಗೆ ನೀರಿನ ಚಕ್ರದಿಂದ ನಡೆಯುವ ಹಳೇ ಪಂಪು ಇದೆ, ನೀನಂತೂ ಅದನ್ನು ಬಿಟ್ಟು ಬೇಗ ಬರುವವನಲ್ಲ. ಆಮೇಲೆ ಆರ್ಕ್-ಎ-ಸೆನಾನ್‌ಗೆ ಹೋಗು.

ನಿನ್ನ,
ಗೆಳೆಯ