ಹಳ್ಳದ ಮರಳಲ್ಲಿ ಹೊನ್ನು: ಗೆಳೆಯನಿಗೊಂದು ಪತ್ರ

ಕುವೆಂಪುನಗರ, ಮೈಸೂರು

ಪ್ರಿಯ ಗೆಳೆಯ,

ನಂಜನಗೂಡು ತಾಲ್ಲೂಕಿನ ಹಳ್ಳವೊಂದರ ದಂಡೆಯಲ್ಲಿ ಡೇರೆ ಹಾಕಿಕೊಂಡು, ವಾರದ ಕೊನೆಯ ರಜೆಯನ್ನೆಲ್ಲ ಮರಳು ತೊಳೆಯುವುದರಲ್ಲೇ ಕಳೆದೆವೆಂಬ ಸುದ್ದಿ ಸಾಗರ ದಾಟಿ ನಿನ್ನನ್ನೂ ಮುಟ್ಟಿತಲ್ಲ, ಸಂತೋಷ. ಚಿನ್ನ ಸಿಕ್ಕಿತೇ ಎಂದು ಒಂದೇ ಸಾಲಿನಲ್ಲಿ ಕೇಳಿದ್ದೀಯೆ. ಸಿಕ್ಕಿತು. ಆದರೆ ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ, ಏಕೆ ಎಂಬುದನ್ನು ಬಿಟ್ಟು ಬರೀ ‘ಸಿಕ್ಕಿತು’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಮ್ಮ ಹಳೆಯ ಸಹಪಾಠಿಗಳೂ ಓದಲೆಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಮೈಸೂರಿನ ಸೀಮೆಯಲ್ಲಿ ಚಿನ್ನವೇ ಎಂದು ನೀನು ಅಚ್ಚರಿಪಡುವುದು ಸಹಜ. ಕೋಲಾರ, ಹಟ್ಟಿ ಎಂದರೆ ಯಾರಿಗಾದರೂ ಗೊತ್ತು. ನಂಜನಗೂಡೆಂದರೆ ರಸಬಾಳೆ ಮತ್ತು ಶ್ರೀಕಂಠೇಶ್ವರ ಅಷ್ಟೇ ನೆನಪಾಗುತ್ತದೆ. ಆದರೆ ಈ ತಾಲ್ಲೂಕಿನ ಅಂಬಳೆ, ವಳಗೆರೆ ಕಡೆಯ ಬಂಡೆಗಳಲ್ಲಿ ಚಿನ್ನದ ಅಂಶವಿರುವುದು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ತಿಳಿದ ವಿಷಯ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಮೈಸೂರು ಸಂಸ್ಥಾನದ ಚಿನ್ನದ ನೆಲೆಗಳನ್ನು ಸುತ್ತಿ ನೋಡಿದ್ದು 1887ರಲ್ಲಿ. 1894ರಲ್ಲಿ ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ನಮ್ಮ ಸರಗೂರಿನ ಹೆಸರನ್ನೇ ಹೊತ್ತ ಶಿಲಾವರ್ಗವೊಂದು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿದೆ, ಮತ್ತು ಆ ಶಿಲೆಗಳ ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಮಿಗಿಲು. ಸಿಂಧುವಳ್ಳಿಯ ಕ್ರೋಮೈಟ್, ದೊಡ್ಡಕಾನ್ಯದ ಮ್ಯಾಗ್ನಸೈಟ್ ಎಲ್ಲವೂ ಮೈಸೂರಿನ ಸುತ್ತಲಿನ ಹೀಗೆಯೇ ಬಲು ಹಳೆಯ ಕಲ್ಲಿನ ಕೊಡುಗೆ. ಇಷ್ಟು ಹಳೆಯ ಕಲ್ಲಿನ ಮೇಲೆ ಹರಿಯುವ ಹಳ್ಳ ತನ್ನ ಮರಳಿನಲ್ಲಿ ಏನನ್ನೆಲ್ಲ ಹೊತ್ತು ತಂದಿರಬಹುದು ಎಂಬ ಕುತೂಹಲವೇ ನಮ್ಮನ್ನು ಅಲ್ಲಿಗೆ ಒಯ್ದದ್ದು.

ನಮ್ಮನ್ನು ಕರೆದೊಯ್ದವರು ಭೂವಿಜ್ಞಾನದ ನಿವೃತ್ತ ಅಧ್ಯಾಪಕರೊಬ್ಬರು. ಹೊರಡುವ ಮೊದಲೇ ಅವರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದ್ದರು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ನಮ್ಮಂಥವರು ಯಾರೂ ಖನಿಜ ಶೋಧನೆಗೆ ಕೈಹಾಕುವಂತಿಲ್ಲ. ನಾವು ಹೋಗುತ್ತಿರುವುದು ಕಲಿಯಲಿಕ್ಕೆ, ಹಾಗಾಗಿ ಕೈಯಲ್ಲಿ ಹಿಡಿದು ತೊಳೆಯುವ ಪಾತ್ರೆಯ ಹೊರತು ಬೇರೆ ಸಲಕರಣೆ ಬೇಡ, ಕಂಡದ್ದನ್ನು ನೋಡಿ ಮರಳಿ ಹಳ್ಳಕ್ಕೇ ಬಿಡತಕ್ಕದ್ದು ಎಂದು. ದಂಡೆಯ ಹೊಲದ ಯಜಮಾನರಿಗೂ ಊರಿನ ಹಿರಿಯರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು. ಈ ಶಿಸ್ತು ನನಗೆ ಬಹಳ ಹಿಡಿಸಿತು.

ಬಿಡಾರದ ವಿಷಯವನ್ನು ಹೆಚ್ಚು ಬರೆಯುವುದಿಲ್ಲ. ತೆಂಗಿನ ತೋಟದಲ್ಲಿ ಡೇರೆಗಳು, ಪುಷ್ಯದ ಚಳಿ, ಹೊಲದ ಮನೆಯವರು ಕಳುಹಿಸಿದ ರಾಗಿಮುದ್ದೆ ಮತ್ತು ಹಿಸುಕಿದ ಅವರೆಬೇಳೆಯ ಸಾರು. ಅವರೆಯ ಸೊಗಡು ಹೇಗಿರುತ್ತದೆಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕುಳಿತಿರುವ ನಿನಗೆ ನೆನಪಿಸುವುದು ಅನ್ಯಾಯವಾದೀತು.

ನಮ್ಮ ಜೊತೆಗಿದ್ದ ಇನ್ನೊಬ್ಬ ಹಿರಿಯರ ಬಗ್ಗೆ ಮಾತ್ರ ವಿವರವಾಗಿ ಹೇಳಲೇಬೇಕು. ಅವರು ಗದಗ ಜಿಲ್ಲೆಯ ಕಪ್ಪತಗುಡ್ಡದ ಬದಿಯ ಊರಿನವರು. ಮಗನಿಗೆ ಇಲ್ಲಿ ಕೆಲಸವಾದ್ದರಿಂದ ಈಗ ಮೈಸೂರಿನಲ್ಲಿ ನೆಲೆಸಿದ್ದಾರೆ. ಅವರ ಪೂರ್ವಜರು ಜಲಗಾರರು, ಅಂದರೆ ಮಳೆ ನಿಂತ ಮೇಲೆ ಗುಡ್ಡದ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರು. ಫೂಟ್ ಅವರು 1874ರಲ್ಲಿಯೇ ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ ಚಿನ್ನದ ಕುರಿತು ಬರೆಯುವಾಗ ಈ ಜಲಗಾರರನ್ನು ಹೆಸರಿಸಿದ್ದಾರೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, ಅದು ಆಗಬೇಕಾದದ್ದೇ ಆಗಿತ್ತು. ಆದರೆ ಮರಳು ತೊಳೆಯುವ ಆ ವಿದ್ಯೆ ಅದಕ್ಕೂ ಬಹಳ ಮೊದಲೇ ಕೈಯಿಂದ ಕೈಗೆ ದಾಟುವುದನ್ನು ನಿಲ್ಲಿಸಿತ್ತು. ಇವರ ಹತ್ತಿರ ಅಜ್ಜನ ಕಾಲದ ಒಂದು ಮರಿಗೆ ಉಳಿದಿದೆ. ಒಂದೇ ಮರದ ತುಂಡಿನಿಂದ ಕೊರೆದದ್ದು, ನಡುವೆ ಆಳ, ಒಂದು ತುದಿಗೆ ತೆಳ್ಳಗೆ ಇಳಿಜಾರು; ತೊಳೆದು ತೊಳೆದು ಒಳಮೈ ನುಣ್ಣಗೆ ಕಪ್ಪಾಗಿದೆ. ನಮ್ಮೆಲ್ಲರ ಕೈಯಲ್ಲಿದ್ದ ಹೊಸ ಪ್ಲಾಸ್ಟಿಕ್ ತಟ್ಟೆಗಳಿಗಿಂತ ಆ ಮರಿಗೆಯೇ ಉತ್ತಮವೆಂಬುದು ಬೇಗನೆ ತಿಳಿಯಿತು.

ಬೆಳಿಗ್ಗೆ ಅವರು ನೀರಿಗೆ ಇಳಿಯಲಿಲ್ಲ. ಹಳ್ಳದ ಉದ್ದಕ್ಕೂ ದಂಡೆಯ ಮೇಲೆ ನಡೆದರು, ನಾವು ಹಿಂದೆ ನಡೆದೆವು. ನೀರು ರಭಸವಾಗಿ ಓಡುವ ಕಡೆ ಅವರು ನಿಲ್ಲಲೂ ಇಲ್ಲ. ಹಳ್ಳ ತಿರುವು ತೆಗೆದುಕೊಳ್ಳುವಲ್ಲಿ ಒಳಬದಿಗೆ ಜಲ್ಲಿ ಗುಡ್ಡೆಯಾಗಿದ್ದನ್ನು ಕಂಡು ನಿಂತರು. ದೊಡ್ಡ ಬಂಡೆಯ ಕೆಳಮಗ್ಗುಲಲ್ಲಿ, ನೀರು ಸುತ್ತಿ ಸುಮ್ಮನಾಗುವ ಜಾಗದಲ್ಲಿ ನಿಂತರು. ತಳದ ಹಾಸುಬಂಡೆ ಬರಿದಾಗಿ ಕಾಣಿಸುತ್ತಿದ್ದ ಕಡೆ ಮೊಣಕಾಲೂರಿ ಅದರ ಬಿರುಕುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೊಳೆಯ ಓಟಕ್ಕೆ ಅಡ್ಡವಾಗಿರುವ ಬಿರುಕೇ ಬೇಕು, ಉದ್ದಕ್ಕೆ ಇರುವುದು ತಾನೇ ತೊಳೆದುಹೋಗುತ್ತದೆ ಎಂದರು. ದಂಡೆಯ ಹುಲ್ಲಿನ ಬೇರುಗಳನ್ನು ಕೂಡ ಬಿಡಲಿಲ್ಲ. ಮಳೆಗಾಲದ ನೆರೆ ಇಳಿಯುವಾಗ ಭಾರದ ಕಣಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಅಧ್ಯಾಪಕರು ಪಕ್ಕದಲ್ಲಿ ನಿಂತು ಅದೇ ಮಾತನ್ನು ಲೆಕ್ಕದ ಭಾಷೆಯಲ್ಲಿ ಹೇಳಿದರು. ಬೆಣಚುಕಲ್ಲಿನ ಸಾಪೇಕ್ಷ ಸಾಂದ್ರತೆ 2.65, ಚಿನ್ನದ್ದು 19.3, ಅಂದರೆ ಸುಮಾರು ಏಳು ಪಟ್ಟು. ಆದರೆ ನೀರಿನಲ್ಲಿ ಮುಳುಗಿದಾಗ ಎರಡರಿಂದಲೂ ನೀರಿನ ಭಾರ ಕಳೆಯಬೇಕಾದ್ದರಿಂದ ಆ ಅಂತರ ಹನ್ನೊಂದು ಪಟ್ಟಿಗೆ ಏರುತ್ತದೆ. ಮರಿಗೆಯನ್ನು ನೀರಿನ ಒಳಗೇ ಹಿಡಿದು ಅಲ್ಲಾಡಿಸಬೇಕೆಂಬ ಜಲಗಾರರ ನಿಯಮಕ್ಕೆ ಇದೇ ಕಾರಣ. ಒಬ್ಬರು ಶಾಲೆಯ ಮೆಟ್ಟಿಲು ಹತ್ತದವರು, ಇನ್ನೊಬ್ಬರು ಬದುಕೆಲ್ಲ ಪಾಠ ಹೇಳಿದವರು; ಇಬ್ಬರ ಬೆರಳೂ ಹಳ್ಳದ ಒಂದೇ ಜಾಗವನ್ನು ತೋರಿಸಿದ್ದನ್ನು ನೋಡಿ ನನಗಾದ ಆನಂದ ಹೇಳತೀರದು.

ಆ ಬಿರುಕಿನ ಜೇಡಿಮಿಶ್ರಿತ ಜಲ್ಲಿಯನ್ನು ಚಮಚದಲ್ಲಿ ಕೆರೆದು ಮರಿಗೆಗೆ ತುಂಬಿ, ನೀರಿನಲ್ಲಿ ಮುಳುಗಿಸಿ, ಮೊದಲು ಜೇಡಿಯ ಉಂಡೆಗಳನ್ನೆಲ್ಲ ಕೈಯಿಂದ ಹಿಸುಕಿ ಕರಗಿಸಬೇಕು. ಜೇಡಿ ಉಳಿದರೆ ಚಿನ್ನದ ಕಣ ಅದಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಆಮೇಲೆ ದಪ್ಪ ಕಲ್ಲುಗಳನ್ನು ತೊಳೆದು ಎಸೆಯಬೇಕು, ಪಾತ್ರೆಯನ್ನು ಅಡ್ಡಡ್ಡ ಅಲುಗಿಸಿ ಭಾರದ್ದು ತಳಕ್ಕೆ ಇಳಿಯಲು ಬಿಡಬೇಕು, ನಂತರ ಮುಂತುದಿಯನ್ನು ಬಗ್ಗಿಸಿ ಮೇಲಿನ ಹಗುರ ಮರಳನ್ನು ನೀರಿನೊಂದಿಗೆ ಸ್ವಲ್ಪ ಸ್ವಲ್ಪವೇ ಜಾರಿಸಬೇಕು. ನಮ್ಮ ಅಮ್ಮಂದಿರು ಮೊರದಲ್ಲಿ ಅಕ್ಕಿ ಕೇರುವಾಗ ಮಣಿಕಟ್ಟಿನಲ್ಲಿ ಕಾಣುವ ಆ ಲಯವೇ ಇಲ್ಲಿಯೂ ಬೇಕು, ಗಾಳಿಯ ಬದಲು ನೀರು ಅಷ್ಟೇ. ಹುಡುಗನೊಬ್ಬ ಬೇಗ ಬೇಗ ಸುರಿಯುತ್ತಿದ್ದಾಗ ಹಿರಿಯರು, ‘ನೀರಿಗೆ ಅವಸರ ಇಲ್ಲ ತಮ್ಮಾ, ನಿನಗ್ಯಾಕ?’ ಎಂದು ಮೆಲ್ಲಗೆ ಅವನ ಕೈ ಹಿಡಿದರು.

ಬಿಳಿಯ ಮರಳು ಹೋದಂತೆಲ್ಲ ಕೆಳಗಿನಿಂದ ಬೇರೆಯ ಬಣ್ಣಗಳು ಏಳತೊಡಗಿದವು. ಮೊದಲು ನಸುಗೆಂಪಿನ ಗಾರ್ನೆಟ್ ಹರಳುಗಳು, ಬಿಸಿಲಿಗೆ ಹಿಡಿದರೆ ಒಳಗಿನಿಂದ ಬೆಳಗುವಂಥವು. ಅವುಗಳ ನಡುವೆ ನೀಲಿ ಛಾಯೆಯ ಕಯನೈಟ್ ಚಕ್ಕೆಗಳು. ಅವುಗಳ ಅಡಿಯಲ್ಲಿ ಮ್ಯಾಗ್ನಟೈಟ್ ಮತ್ತು ಇಲ್ಮನೈಟ್ ಎಂಬ ಕಬ್ಬಿಣದ ಅಂಶದ ಖನಿಜಗಳು ತುಂಬಿದ ಕಪ್ಪು ಮರಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ಹತ್ತಿರ ತಂದರೆ ಮ್ಯಾಗ್ನಟೈಟ್ ಎಲ್ಲ ಮೀಸೆಗಟ್ಟಿ ಅದಕ್ಕೆ ಅಂಟುತ್ತಿತ್ತು. ಕೊನೆಗೆ ಉಳಿದ ಒಂದು ಚಿಟಿಕೆ ಕಪ್ಪಿನ ಮೇಲೆ ಹಿರಿಯರು ಬೊಗಸೆ ನೀರನ್ನು ಬಿಟ್ಟು ಮರಿಗೆಯನ್ನು ಒಂದು ಸುತ್ತು ತಿರುಗಿಸಿದರು. ಕಪ್ಪು ಮುಂದೆ ಸರಿಯಿತು. ಹಿಂದೆ ಒಂದೆಡೆ ಹಳದಿಯ ಕಣವೊಂದು ಕದಲದೆ ಕುಳಿತಿತ್ತು. ಅರ್ಧ ಮಿಲಿಮೀಟರ್ ಕೂಡ ಇರಲಿಲ್ಲ.

ಅದು ಚಿನ್ನವೇ ಎಂಬುದನ್ನು ಪರೀಕ್ಷಿಸದೆ ಅಧ್ಯಾಪಕರು ಒಪ್ಪಲಿಲ್ಲ. ನೆರಳಿಗೆ ಒಯ್ದು ನೋಡಿದೆವು: ಅಭ್ರಕವಾಗಿದ್ದರೆ ಬಿಸಿಲಿನಲ್ಲಿ ಮಿನುಗಿ ನೆರಳಿನಲ್ಲಿ ಮಂಕಾಗುತ್ತಿತ್ತು, ಇದು ಎರಡು ಕಡೆಯೂ ಒಂದೇ ಹಳದಿ. ಸೂಜಿಯ ಮೊನೆಯಿಂದ ಒತ್ತಿದೆವು: ಚಿನ್ನದಂತೆಯೇ ಹೊಳೆಯುವ ಪೈರೈಟ್ ಎಂಬ ಖನಿಜವಾಗಿದ್ದರೆ ಪುಡಿಯಾಗುತ್ತಿತ್ತು, ಇದು ತಗ್ಗು ಬಿದ್ದು ಚಪ್ಪಟೆಯಾಯಿತು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಅದರ ಅಂಚು ಇನ್ನೂ ಮೊನಚಾಗಿಯೇ ಕಾಣುತ್ತಿತ್ತು. ಮೂಲದಿಂದ ಬಹಳ ದೂರ ಉರುಳಿ ಬಂದ ಚಿನ್ನವಾಗಿದ್ದರೆ ಕಲ್ಲುಗಳ ಪೆಟ್ಟಿಗೆ ಸಿಕ್ಕಿ ಅಂಚು ನುಣ್ಣಗಾಗಿ ತಟ್ಟೆಯಾಗಿರಬೇಕಿತ್ತು. ಹಾಗಾಗಿ ಇದು ಹುಟ್ಟಿದ ಬೆಣಚಿನ ಎಳೆ ಮೇಲಿನ ಕಡೆ ಹತ್ತಿರದಲ್ಲೇ ಎಲ್ಲೋ ಇರಬೇಕೆಂಬುದು ಅಧ್ಯಾಪಕರ ಊಹೆ. ಕಣ್ಣಿಗೆ ಸರಿಯಾಗಿ ಕಾಣದ ಒಂದು ಕಣ ತನ್ನ ಪ್ರಯಾಣದ ದೂರವನ್ನು ಮೈಮೇಲೆ ಬರೆದುಕೊಂಡಿರುತ್ತದೆ ಎಂಬುದು ನನಗೆ ಆ ಚಿನ್ನಕ್ಕಿಂತ ದೊಡ್ಡ ಲಾಭವೆನಿಸಿತು. ನೋಡಿದ ಮೇಲೆ ಅದನ್ನು ಕೆರೆದು ತೆಗೆದ ಬಿರುಕಿಗೇ ಬಿಟ್ಟೆವು.

ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಮಾತು ಕೋಲಾರದ ಕಡೆ ಹೊರಳಿತು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಆ ಕಡೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕೇಳಿ 1802ರಲ್ಲಿ ಬಹುಮಾನ ಸಾರಿದಾಗ, ಉರಿಗಾಮಿನ ಹಳ್ಳಿಗರು ಮಣ್ಣು ಹೊತ್ತು ತಂದು ಅವನೆದುರೇ ತೊಳೆದು ಕಣಗಳನ್ನು ತೋರಿಸಿದರು. ಮುಂದೆ ಆ ವರದಿಯನ್ನು ಓದಿದ ಲಾವೆಲ್ ಎಂಬ ನಿವೃತ್ತ ಸೈನಿಕ 1873ರಲ್ಲಿ ಸಂಸ್ಥಾನದ ಪರವಾನಗಿ ಪಡೆದ. 1880ರ ಹೊತ್ತಿಗೆ ಗಣಿಗಾರಿಕೆ ನಡೆಸುವ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ನಮ್ಮ ಮಂಡ್ಯದ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಆ ಗಣಿಗಳಿಗೆ ಹರಿಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಈ ಇಡೀ ಚರಿತ್ರೆಯ ಹಿಂದೆ, ಮಣ್ಣನ್ನು ನೀರಿನಲ್ಲಿ ತೊಳೆದು ತೋರಿಸಿದ ಆ ಹಳ್ಳಿಗರ ಕೈಗಳಿವೆ. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ. ಹಿರಿಯರು ತಮ್ಮ ಅಜ್ಜಂದಿರು ಪಾದರಸ ಬೆರೆಸಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಕೆಂಡದ ಮೇಲೆ ಕಾಯಿಸುತ್ತಿದ್ದುದನ್ನೂ ಹೇಳಿದರು. ಆ ಹೊಗೆ ವಿಷ. ಅಷ್ಟನ್ನು ಮಾತ್ರ ಯಾರೂ ಕಲಿಯಬಾರದೆಂದು ಅವರೇ ಎಚ್ಚರಿಸಿದರು.

ಇನ್ನು ನಿನ್ನ ಯಂತ್ರದ ಪ್ರಸ್ತಾಪ. ತೇಲುವ ದೋಣಿಯ ಮೇಲೆ ಪೆಟ್ರೋಲ್ ಎಂಜಿನ್ ಕೂರಿಸಿ, ದಪ್ಪ ಕೊಳವೆಯಿಂದ ತಳದ ಜಲ್ಲಿಯನ್ನು ಹೀರಿ, ಅಡ್ಡಪಟ್ಟಿಗಳಿರುವ ತೊಟ್ಟಿಯ ಮೇಲೆ ಹರಿಸುವ ಡ್ರೆಜ್ ಅನ್ನು ಹಳೆಯ ಬೆಲೆಗೆ ಕೊಂಡು ಇಲ್ಲಿಗೆ ಕಳುಹಿಸಲೇ ಎಂದು ಕೇಳಿದ್ದೀಯೆ. ದಯವಿಟ್ಟು ಬೇಡ. ಕಾನೂನಿನ ಮಾತು ಹಾಗಿರಲಿ, ಸಟರ್ ಗಿರಣಿಯ ಕಾಲುವೆಯಲ್ಲಿ 1848ರಲ್ಲಿ ಜೇಮ್ಸ್ ಮಾರ್ಷಲ್ ಚಿನ್ನ ಕಂಡ ನಿನ್ನ ಕ್ಯಾಲಿಫೋರ್ನಿಯಾವೇ 2009ರಲ್ಲಿ ಈ ಹೀರುವ ಯಂತ್ರಗಳಿಗೆ ತಡೆ ಹಾಕಿತಲ್ಲ. ಸಾಲ್ಮನ್ ಮೀನು ಮೊಟ್ಟೆಯಿಡುವ ಜಲ್ಲಿ ಕದಡುತ್ತದೆ, ಹಿಂದಿನವರು ಚೆಲ್ಲಿದ ಪಾದರಸ ಮತ್ತೆ ನೀರಿಗೆ ಸೇರುತ್ತದೆ ಎಂಬ ಆತಂಕವೇ ಅದಕ್ಕೆ ಕಾರಣವಾಗಿತ್ತು. ನಮ್ಮ ಹಳ್ಳಗಳು ಅಷ್ಟು ದೊಡ್ಡವೂ ಅಲ್ಲ. ಕಾವೇರಿ, ಕಪಿಲೆಗಳ ಮರಳನ್ನು ಲಾರಿಗಟ್ಟಲೆ ಎತ್ತಿದ ಕಡೆ ದಂಡೆ ಕುಸಿದು, ಬಾವಿಗಳ ನೀರು ಇಳಿದುಹೋದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಮರಳೆಂದರೆ ನೀರನ್ನು ಹಿಡಿದಿಟ್ಟುಕೊಳ್ಳುವ ಹಾಸು, ಮತ್ತು ಸಾವಿರಾರು ಮಳೆಗಾಲಗಳು ಭಾರದ ಪ್ರಕಾರ ವಿಂಗಡಿಸಿ ಜೋಡಿಸಿಟ್ಟ ಲೆಕ್ಕ. ಯಂತ್ರ ಒಂದು ಗಂಟೆಯಲ್ಲಿ ಆ ಜೋಡಣೆಯನ್ನೆಲ್ಲ ಕಲಸಿಬಿಡುತ್ತದೆ, ಆಮೇಲೆ ಯಾವ ಜಲಗಾರನೂ ಅಲ್ಲಿ ಏನನ್ನೂ ಓದಲಾರ. ಕೈಯಲ್ಲಿ ತೊಳೆಯುವವನಿಗಾದರೋ ಹಳ್ಳವನ್ನು ಮೊದಲು ಅರ್ಥಮಾಡಿಕೊಳ್ಳದೆ ಬೇರೆ ದಾರಿಯೇ ಇಲ್ಲ, ಮತ್ತು ನನಗೆ ಬೇಕಾಗಿರುವುದು ಆ ಅರ್ಥವೇ.

ಮುಂದಿನ ಸಂಕ್ರಾಂತಿಯ ನಂತರ ಅದೇ ಹಳ್ಳದ ಮೇಲ್ಭಾಗಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಉಪಹಳ್ಳಗಳು ಸೇರುವ ಪ್ರತಿಯೊಂದು ಕೂಡಲಿನಲ್ಲಿ, ಎಡದ ಕವಲಿನಿಂದ ಒಂದು ಮರಿಗೆ, ಬಲದ ಕವಲಿನಿಂದ ಒಂದು ಮರಿಗೆ ತೊಳೆದು, ಕಣ ಕಂಡ ಕವಲನ್ನು ಹಿಡಿದು ಮೇಲಕ್ಕೆ ನಡೆಯುವುದು. ಕಣ ನಿಂತುಹೋದ ಜಾಗದಲ್ಲಿ ಎರಡೂ ಬದಿಯ ಇಳಿಜಾರಿನ ಬಂಡೆಗಳನ್ನು ನಕ್ಷೆಗೆ ಇಳಿಸುವುದು. ಹಿರಿಯರ ಪ್ರತಿಯೊಂದು ಹೆಜ್ಜೆಯನ್ನೂ ಮಾತನ್ನೂ ವಿಡಿಯೊ ಮಾಡಿಕೊಳ್ಳಲು ಅವರು ಒಪ್ಪಿದ್ದಾರೆ, ಮತ್ತು ಮರಿಗೆಯ ಅಳತೆ ತೆಗೆದುಕೊಂಡು ಹೊಸದೊಂದನ್ನು ಕೊರೆಯಲು ಇಲ್ಲಿನ ಬಡಗಿಯೊಬ್ಬರು ಮುಂದೆ ಬಂದಿದ್ದಾರೆ. ಯಾವ ಮರ ಸೂಕ್ತವೆಂಬುದರಲ್ಲಿ ಇನ್ನೂ ಚರ್ಚೆ ನಡೆದಿದೆ. ಹೊನ್ನೆಯೆಂದು ಬಡಗಿ, ತೇಗವೆಂದು ಹಿರಿಯರು. ನೀನು ಜನವರಿಗೆ ರಜೆ ಹಾಕಿ ಬರುವುದಾದರೆ ಈಗಲೇ ತಿಳಿಸು, ನಿನಗೂ ಒಂದನ್ನು ಕೊರೆಯಲು ಹೇಳುತ್ತೇನೆ.

ನಿನ್ನ ಪ್ರೀತಿಯ ಗೆಳೆಯ