ಚಪ್ಪಲಿ ಹೊರಗೆ ಬಿಡಿಸಿದಿರಿ, ಕೈಗೂ ಸೋಪು ಕೊಡಿ

ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಅತ್ತೆಗೆ ಹೊಟ್ಟೆಯ ಆಪರೇಷನ್ ಆಯಿತು. ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಅವರ ಜೊತೆ ಇದ್ದೆ. ಡಾಕ್ಟರು, ನರ್ಸುಗಳ ಬಗ್ಗೆ ನನ್ನದೇನೂ ದೂರಿಲ್ಲ. ದೂರು ಇರುವುದು ವಾರ್ಡಿನ ಬಾಗಿಲ ಬಗ್ಗೆ.

ಅಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅಂತ ದೊಡ್ಡ ಬೋರ್ಡು ಇದೆ. ಮರೆತು ಒಳಗೆ ಕಾಲಿಟ್ಟವರನ್ನು ಸೆಕ್ಯೂರಿಟಿಯವರು ಗದರಿಸಿ ವಾಪಸ್ ಕಳಿಸುತ್ತಾರೆ. ಆದರೆ ಕೈ? ಬಸ್ಸಿನ ಕಂಬಿ ಹಿಡಿದು, ನೋಟು ಎಣಿಸಿ, ಮೂಗು ಒರೆಸಿಕೊಂಡ ಅದೇ ಕೈಯಲ್ಲಿ ರೋಗಿಯ ಕೆನ್ನೆ ಸವರುತ್ತೇವೆ, ಬರಿಗಾಲಲ್ಲಿ ನಿಂತುಕೊಂಡು! ಕೊರೊನಾ ಕಾಲದಲ್ಲಿ ತಂದಿಟ್ಟ, ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು ಇನ್ನೂ ಅಲ್ಲೇ ಇದೆ. ಬಾಟಲಿ ಇಲ್ಲ. ನಾನಿದ್ದಷ್ಟು ದಿನವೂ ಯಾರೋ ಅದರ ಮೇಲೆ ಟವೆಲ್ ಒಣಗಹಾಕುತ್ತಿದ್ದರು.

ನಮ್ಮ ಕಡೆ ಜನ ಆಸ್ಪತ್ರೆಗೆ ಬರುವುದು ‘ಮಾತಾಡಿಸಿಕೊಂಡು ಹೋಗೋಕೆ’. ಬರದಿದ್ದರೆ ಹತ್ತು ವರ್ಷವಾದರೂ ಆ ಮಾತು ಹೋಗುವುದಿಲ್ಲ. ಹಾಗಾಗಿ ನೆಗಡಿ ಇದ್ದರೂ ಬರುತ್ತಾರೆ. ಶ್ರೀನಿವಾಸಪುರದ ಕಡೆಯಿಂದ ನಮ್ಮ ನೆಂಟರು ಒಂದು ಟೆಂಪೋ ತುಂಬ ಬಂದರು. ಒಬ್ಬರು ಮಂಚದ ಮೇಲೇ ಕೂತರು. ಇನ್ನೊಬ್ಬರು ಕೆಮ್ಮುತ್ತಲೇ ಮೋಸಂಬಿ ಸುಲಿದು ಅತ್ತೆಯ ಬಾಯಿಗಿಟ್ಟರು. ಮೂರು ದಿನಕ್ಕೆ ಅತ್ತೆಗೆ ಕೆಮ್ಮು, ಜ್ವರ. ಯಾರಿಂದ ಬಂತು ಅಂತ ಹೇಳೋಕಾಗಲ್ಲ, ನನ್ನಿಂದಲೇ ಬಂದಿರಬಹುದು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ಕೆಮ್ಮುವುದನ್ನು ನೋಡಿದ್ದೀರಾ? ಕೆಮ್ಮು ಬಂದಾಗಲೆಲ್ಲ ಅವರು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾವು ಕೈಕಾಲು ತೊಳೆಯುತ್ತೇವೆ, ಕೆಲವರು ಸ್ನಾನವನ್ನೂ ಮಾಡುತ್ತಾರೆ. ರೋಗ ಅಲ್ಲಿಂದ ನಮಗೆ ಅಂಟುತ್ತದೆ ಅನ್ನುವುದು ಗೊತ್ತು. ನಾವೂ ಒಯ್ದು ಕೊಡುತ್ತೇವೆ ಅನ್ನುವುದು ಇನ್ನೂ ತಲೆಗೆ ಹತ್ತಿಲ್ಲ.

ಬರಲೇಬೇಡಿ ಅಂದರೆ ಜನ ಕೇಳಲ್ಲ. ನಾನೂ ಕೇಳಲ್ಲ. ಅದರ ಬದಲು ಪ್ರತಿ ವಾರ್ಡಿನ ಬಾಗಿಲಲ್ಲಿ ಒಂದು ನಲ್ಲಿ, ಒಂದು ಸೋಪು ಇಡಿಸಿ. ಕೋಲಾರದ ನೀರಿನ ಕಷ್ಟ ನಿಮಗೆ ಹೇಳಬೇಕಾಗಿಲ್ಲ, ಆದರೂ ಈ ನಲ್ಲಿಗೆ ನೀರು ಹೊಂದಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸೋಪು ಹಚ್ಚಿ ತೊಳೆಯೋಕೆ ಬೇಕಾಗುವುದು 40ರಿಂದ 60 ಸೆಕೆಂಡು. ಸ್ಯಾನಿಟೈಸರ್ ಆದರೆ 20ರಿಂದ 30. ಹಾಗಂತ ಸ್ಯಾನಿಟೈಸರ್ ಒಂದನ್ನೇ ಇಟ್ಟು ನೀವು ಕೈ ತೊಳೆದುಕೊಳ್ಳಬೇಡಿ. ವಾಂತಿ-ಭೇದಿ ತರುವ ನೊರೊವೈರಸ್‌ನಂಥವಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ.

ಚಪ್ಪಲಿಗೆ ಗದರಿಸುವ ಸೆಕ್ಯೂರಿಟಿಯವರೇ ಕೈ ಬಗ್ಗೆಯೂ ಹೇಳಲಿ. ನೆಗಡಿ, ಕೆಮ್ಮು, ಭೇದಿ ಇದ್ದವರನ್ನು, ಚಿಕ್ಕ ಮಕ್ಕಳನ್ನು ಅಲ್ಲೇ ನಿಲ್ಲಿಸಲಿ. ಮುಳಬಾಗಿಲು, ಶ್ರೀನಿವಾಸಪುರದ ಅಜ್ಜಿಯರಿಗೆ ತೆಲುಗಲ್ಲೂ ಒಂದು ಮಾತು ಹೇಳಿದರೆ ಬೇಗ ಅರ್ಥವಾಗುತ್ತದೆ. 2015ರಲ್ಲಿ ಶುರುವಾದ ಕಾಯಕಲ್ಪ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಸೋಂಕು ತಡೆಗೂ ಅಂಕ ಕೊಡುತ್ತಾರೆ. ಅಂಕ ಹಾಕುವವರು ಬಂದ ದಿನ ಮಾತ್ರ ಸೋಪು ಕಾಣಿಸಿದರೆ ಸಾಲದು, ಅಲ್ವಾ?

ಕೊನೆಗೆ ನಿಮ್ಮವರ ಬಗ್ಗೆ. ಯಾವ ಪಕ್ಷದ ನಾಯಕರಾದರೂ ಸರಿ, ಆಸ್ಪತ್ರೆಗೆ ಬಂದರೆ ಹಿಂದೆ ಇಪ್ಪತ್ತು ಜನ ನುಗ್ಗುತ್ತಾರೆ. ಮುಂದಿನ ಸಲ ನೀವು ಬಂದಾಗ ಅವರನ್ನು ಗೇಟಿನಲ್ಲೇ ನಿಲ್ಲಿಸಿ. ಟೀವಿಯವರು ವಾರ್ಡಿನ ಹೊರಗೆ, ನಲ್ಲಿಯ ಹತ್ತಿರ ನಿಂತು ನೀವು ಕೈ ತೊಳೆಯುವುದನ್ನು ತೆಗೆಯಲಿ. ನಮ್ಮ ಅತ್ತೆ ದಿನಾ ನ್ಯೂಸ್ ನೋಡುತ್ತಾರೆ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ಸೊಸೆ