ಸಮುದ್ರಕ್ಕೂ ನಮ್ಮ ಬೋರ್‌ವೆಲ್ ಗತಿ ಬರಬಾರದು

ಸಂಪಾದಕರೇ,

ಸಮುದ್ರದಲ್ಲಿ ಮೀನು ಹಿಡಿಯೋ ಬೋಟ್‌ಗಳಿಗೆ ಮಿತಿ ಬೇಕು ಅಂತ ಈ ಪತ್ರ. ಕೋಲಾರದವನಿಗೆ ಸಮುದ್ರದ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಹೋದ ಭಾನುವಾರ ಒಂದು ಕೆಜಿ ಬಂಗುಡೆ ಮೀನು ತಂದೆ. ಐಸ್ ತೊಳೆದು ತಟ್ಟೆಗೆ ಹಾಕಿದರೆ ಒಂದೊಂದೂ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಮಗಳ ಜಾಮಿಟ್ರಿ ಬಾಕ್ಸ್‌ನ ಸ್ಕೇಲ್ ತಗೊಂಡು ಅಳೆದೆ. 11 ಸೆಂಟಿಮೀಟರ್. ಇನ್ನೊಂದು 12. ಕೇರಳದಲ್ಲಿ 14 ಸೆಂಟಿಮೀಟರ್‌ಗಿಂತ ಸಣ್ಣ ಬಂಗುಡೆ ಹಿಡಿಯಬಾರದು ಅಂತ ನಿಯಮವೇ ಇದೆ. ಅಂದರೆ ಒಂದು ಸಲವೂ ಮೊಟ್ಟೆ ಇಡದ ಮರಿಗಳು ನಮ್ಮ ತಟ್ಟೆಗೆ ಬಂದಿದ್ದವು. ಸಾರು ಇಳಿಯಲಿಲ್ಲ ನನಗೆ.

ನಾನು ರೈತ. ನಮ್ಮಪ್ಪ ಮೊದಲ ಬೋರ್ ಹಾಕಿಸಿದಾಗ 200 ಅಡಿಗೆ ನೀರು ಚಿಮ್ಮಿತ್ತು. ಪಕ್ಕದ ಹೊಲದವರು 400ಕ್ಕೆ ಹೋದರು, ನಮ್ಮದು ಬತ್ತಿತು. ನಾವು 700ಕ್ಕೆ ಹೋದೆವು, ಅವರದು ಬತ್ತಿತು. ಕೊನೆಯ ಸಲ ರಿಗ್ ಗಾಡಿ ರಾತ್ರಿಯಿಡೀ ಕೊರೆದು 1,400 ಅಡಿಗೆ ಇಳಿದಾಗ ಪೈಪಿನಿಂದ ಬಂದಿದ್ದು ಬರೀ ಬೂದಿ ಬಣ್ಣದ ಧೂಳು. ಸಾಲ ಇನ್ನೂ ತೀರಿಲ್ಲ. ಯಾರೂ ಕೆಟ್ಟವರಲ್ಲ ಸ್ವಾಮಿ, ಎಲ್ಲರಿಗೂ ಬೆಳೆ ಉಳಿಸಿಕೊಳ್ಳೋ ಆಸೆ. ಆದರೆ ಈ ನೆಲದಲ್ಲಿ ಎಷ್ಟು ಬೋರ್ ಇರಬಹುದು ಅಂತ ಮೊದಲೇ ಯಾರೂ ಲೆಕ್ಕ ಹಾಕಲಿಲ್ಲ. ಸಮುದ್ರದಲ್ಲೂ ಈಗ ಇದೇ ನಡೀತಿದೆ ಅಲ್ವಾ?

ನಿಯಮಗಳಿಲ್ಲ ಅಂತಲ್ಲ. ಕಡಲ ಮೀನುಗಾರಿಕೆಗೆ ನಮ್ಮ ರಾಜ್ಯದಲ್ಲಿ 1986ರ ಕಾಯ್ದೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗಿಳಿಯುವಂತಿಲ್ಲ. ರಾತ್ರಿ ಲೈಟ್ ಬಿಟ್ಟು ಮೀನು ಸೆಳೆಯೋದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಒಳ್ಳೆಯದೇ. ಆದರೆ ಆಗಸ್ಟ್ ಬಂದ ಕೂಡಲೇ ಎಲ್ಲ ಬೋಟೂ ಒಟ್ಟಿಗೆ ನುಗ್ಗಿದರೆ ಆ ಎರಡು ತಿಂಗಳಲ್ಲಿ ಉಳಿಸಿದ್ದು ಎಷ್ಟು ದಿನ ಬರುತ್ತೆ? ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಮೀನು ಸಿಕ್ಕಿತ್ತು, 2021ರಲ್ಲಿ 4 ಸಾವಿರ ಟನ್ನೂ ದಾಟಲಿಲ್ಲ. ನೀರು ಬಿಸಿಯಾಗಿದ್ದೂ ಕಾರಣ, ಒಪ್ಪುತ್ತೇನೆ. ಬರಗಾಲದಲ್ಲಿ ಬೋರ್ ಜಾಸ್ತಿ ಕೊರೆದ ಊರಿನವನಿಗೆ ಇನ್ನೊಂದು ಕಾರಣವೂ ಕಾಣುತ್ತೆ.

ಬೋಟ್‌ಗಳ ಸಂಖ್ಯೆಗೆ ಮಿತಿ ಹಾಕಬೇಕು. ಬರೀ ಸಂಖ್ಯೆ ಎಣಿಸಿದರೂ ಸಾಲದು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ 1969ರಲ್ಲಿ ಸಾಲ್ಮನ್ ಮೀನು ಹಿಡಿಯೋ ಬೋಟ್‌ಗಳಿಗೆ ಲೈಸೆನ್ಸ್ ಮಿತಿ ತಂದರು. ಬೋಟ್ ಕಡಿಮೆಯಾಯಿತು, ಆದರೆ ಉಳಿದವರು ದೊಡ್ಡ ಬೋಟ್, ದೊಡ್ಡ ಎಂಜಿನ್ ಹಾಕಿಕೊಂಡು ಮೊದಲಿಗಿಂತ ಜಾಸ್ತಿ ಹಿಡಿಯೋ ಶಕ್ತಿ ಬೆಳೆಸಿಕೊಂಡರು. ನಮ್ಮಲ್ಲೂ ಬೋರ್ ಒಂದೇ, ಆಳ ಮಾತ್ರ ದುಡ್ಡಿದ್ದವನದು! ಅದಕ್ಕೇ ಎಂಜಿನ್ ಎಷ್ಟು ಹಾರ್ಸ್‌ಪವರ್, ಬಲೆ ಎಷ್ಟು ದೊಡ್ಡದು ಅನ್ನೋದಕ್ಕೂ ಮಿತಿ ಬೇಕು. ಅಲಾಸ್ಕದಲ್ಲಿ ಹಾಲಿಬಟ್ ಮೀನಿಗೆ ಪೈಪೋಟಿ ಎಷ್ಟಿತ್ತು ಅಂದರೆ ವರ್ಷಕ್ಕೆ ಹಿಡಿಯಲು ಬಿಟ್ಟಿದ್ದ ಮೀನೆಲ್ಲ ಎರಡು ಮೂರು ದಿನದಲ್ಲೇ ಮುಗಿಯುತ್ತಿತ್ತಂತೆ, ಗಾಳಿ ಮಳೆ ಏನೇ ಇರಲಿ ಆ ದಿನ ಹೋಗಲೇಬೇಕು. 1995ರಲ್ಲಿ ಒಬ್ಬೊಬ್ಬರಿಗೂ ಪಾಲು ಗೊತ್ತುಮಾಡಿದ ಮೇಲೆ ಎಂಟು ತಿಂಗಳು ನಿಧಾನವಾಗಿ ಹಿಡಿಯೋ ಹಾಗಾಯಿತು.

ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಮಾತು ನಡೆಯುತ್ತೆ, ಆಚೆ 200ರವರೆಗೆ ಕೇಂದ್ರದ್ದು. ಆ ಆಚೆ ಕಡೆಗೆ 2025ರ ನವೆಂಬರ್‌ನಲ್ಲಿ ಹೊಸ ನಿಯಮ ಬಂದಿದೆ. ಯಾಂತ್ರಿಕ ಬೋಟ್‌ಗಳು ಪಾಸ್ ತಗೋಬೇಕು, ಸಹಕಾರ ಸಂಘಗಳಿಗೆ ಆದ್ಯತೆ ಅಂತಿದೆ. ಸ್ವಾಗತ. ಆದರೆ ಕೇಳಿದವರಿಗೆಲ್ಲ ಪಾಸ್ ಸಿಗುವಂತಾದರೆ ಅದು ಸುಮ್ನೆ ಒಂದು ಚೀಟಿ ಆಗುತ್ತೆ. ಮೀನು ಎಷ್ಟಿದೆ ಅಂತ ವಿಜ್ಞಾನಿಗಳನ್ನು ಕೇಳಿ, ಒಟ್ಟು ಎಷ್ಟು ಪಾಸ್ ಅಂತ ಮೊದಲು ಹೇಳಿಬಿಡಲಿ. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿಯೋ ಪರ್ಸೀನ್ ಬೋಟ್ ಬಂದ ಮೇಲೆ, ದಡದಲ್ಲಿ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಹಾಗೆ ಕಳಕೊಂಡವರ ಮಕ್ಕಳು, ನಾಡದೋಣಿಯವರು ಸಾಲಿನಲ್ಲಿ ಮುಂದೆ ಇರಲಿ. ಒಬ್ಬನ ಪಾಸು ಇನ್ನೊಬ್ಬ ದುಡ್ಡು ಕೊಟ್ಟು ಕೊಳ್ಳುವಂತೆಯೂ ಇರಬಾರದು.

– ಒಬ್ಬ ರೈತ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ